ಸರಪಳಿಗೆ ಹೆದರಬೇಕೋ, ಹಿಡಿದ ಕೈಗೋ?

ಅವತ್ತು ರಾತ್ರಿ ಒಂಬತ್ತರ ಬುಲೆಟಿನ್. ಜಿಲ್ಲಾ ಕೇಂದ್ರವೊಂದರಿಂದ ಪೊಲೀಸರ ಪ್ರೆಸ್‌ಮೀಟ್ ದೃಶ್ಯ ಬಂದಿತ್ತು. ಇಂಥ ದೃಶ್ಯವನ್ನು ನೀವೂ ನೂರು ಸಲ ನೋಡಿರುತ್ತೀರಿ. ಉದ್ದನೆಯ ಟೇಬಲ್ಲು, ಅದರ ಮೇಲೊಂದು ಬಟ್ಟೆ, ಸಾಲಾಗಿ ಜೋಡಿಸಿಟ್ಟ ಲಾಂಗು, ಮಚ್ಚು, ಖಾರದ ಪುಡಿ ಪೊಟ್ಟಣ, ಮೊಬೈಲುಗಳು. ಹಿಂದೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ತಲೆ ತಗ್ಗಿಸಿ ನಿಂತ ಹುಡುಗರು. ಟೇಬಲ್ಲಿನ ಕೊನೆಯಲ್ಲಿ ಮಾತ್ರ ಒಂದು ಅಪರೂಪದ ವಸ್ತು ಇತ್ತು. ಎರಡು ಕಬ್ಬಿಣದ ಪೈಪಿನ ತುಂಡು, ನಡುವೆ ಸೈಕಲ್ ಚೈನು. ನಮ್ಮ ಕ್ಯಾಮೆರಾಮನ್ ಅದನ್ನೇ ಕ್ಲೋಸಪ್ಪಿನಲ್ಲಿ ಹಿಡಿದಿದ್ದ. ನಾನು ಸ್ಟುಡಿಯೋದಲ್ಲಿ ಕೂತು ದನಿ ಏರಿಸಿ ಹೇಳಿದೆ: "ನೋಡಿ ವೀಕ್ಷಕರೇ, ಎಂಥೆಂಥ ಮಾರಕಾಸ್ತ್ರ ಇಟ್ಟುಕೊಂಡು ಓಡಾಡ್ತಿದ್ದಾರೆ!" ಆ ದೃಶ್ಯ ರಾತ್ರಿಯಿಡೀ ತಿರುಗಿ ತಿರುಗಿ ಬಂತು.

ಮೂರು ದಿನದ ನಂತರ ಆಫೀಸಿಗೆ ಒಂದು ಫೋನ್ ಬಂತು. ಆ ಕಡೆಯಿಂದ ಮಾತಾಡಿದವರು ಸಣ್ಣ ಅಂಗಡಿ ಇಟ್ಟುಕೊಂಡಿರುವ ಒಬ್ಬ ತಂದೆ. ಬೈಯಲಿಲ್ಲ. "ಸಾರ್, ನನ್ನ ಮಗ ರೌಡಿ ಅಲ್ಲ ಸಾರ್. ಕರಾಟೆ ಕ್ಲಾಸಿಗೆ ಹೋಗ್ತಾನೆ. ಅದನ್ನ ಅವನೇ ಮನೇಲಿ ಮಾಡ್ಕೊಂಡಿದ್ದು. ಆ ದಿನ ರಾತ್ರಿ ಗಾಡಿ ತಡೆದಾಗ ಬ್ಯಾಗಲ್ಲಿ ಸಿಕ್ತು. ಪೊಲೀಸರೇ ವಿಚಾರಿಸಿ ಬಿಟ್ಟಿದ್ದಾರೆ. ಆದ್ರೆ ಕಾಲೇಜಲ್ಲಿ ಅವನನ್ನ ಈಗ ಎಲ್ರೂ ಮಾರಕಾಸ್ತ್ರ ಅಂತ ಕರೀತಾರೆ ಸಾರ್" ಎಂದರು. ಅಷ್ಟು ಹೇಳಿ ಸುಮ್ಮನಾದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಆ ಹುಡುಗನ ಬ್ಯಾಗಿನಲ್ಲಿ ಇದ್ದದ್ದು ನಂಚಾಕು. ಎರಡು ಗೇಣುದ್ದದ ಕೋಲು, ನಡುವೆ ಹಗ್ಗ ಅಥವಾ ಸರಪಳಿ. ಬ್ರೂಸ್ ಲೀ ಕೈಯಲ್ಲಿ ನೀವು ನೋಡಿದ್ದೀರಲ್ಲ, ಅದೇ. ಆ ಫೋನ್ ಬಂದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಒಂದು ವಸ್ತು ಯಾವಾಗ ವ್ಯಾಯಾಮದ ಸಾಮಾನು, ಯಾವಾಗ ಮಾರಕಾಸ್ತ್ರ? ಅದನ್ನು ತೀರ್ಮಾನ ಮಾಡುವವರು ಯಾರು? ಕಾನೂನೋ, ಪೊಲೀಸರೋ, ಸ್ಟುಡಿಯೋದಲ್ಲಿ ಕೂತ ನಾನೋ? ಉತ್ತರ ಹುಡುಕಿಕೊಂಡು ಹೊರಟರೆ ಕಥೆ ಜಪಾನಿನ ಒಂದು ದ್ವೀಪದಿಂದ ಶುರುವಾಗಿ ನ್ಯೂಯಾರ್ಕಿನ ಕೋರ್ಟು, ಲಂಡನ್ನಿನ ಸೆನ್ಸಾರ್ ಮಂಡಳಿ ಎಲ್ಲ ಸುತ್ತಿ ನಮ್ಮ ಮನೆ ಹಿತ್ತಲಿಗೇ ಬಂದು ನಿಂತಿತು.

ಹಿತ್ತಲಿನ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. ಯಾಕೆಂದರೆ ಆ ಹುಡುಗ ಮಾಡಿದ ತಪ್ಪನ್ನು ನಾನೂ ಮಾಡಿದವನೇ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನ ವಿಡಿಯೋ ಸೆಂಟರಿಗೆ 'ಎಂಟರ್ ದಿ ಡ್ರ್ಯಾಗನ್' ಬಂತು. ಒಂದು ಕೋಣೆ, ಒಂದು ವಿಸಿಆರ್, ನೆಲದ ಮೇಲೆ ನಾವು ಐವತ್ತು ಹುಡುಗರು. ಇಂಗ್ಲಿಷ್ ಒಂದಕ್ಷರ ಅರ್ಥ ಆಗಲಿಲ್ಲ, ಅರ್ಥ ಆಗಬೇಕಾಗಿಯೂ ಇರಲಿಲ್ಲ. ಮರುದಿನವೇ ಒಂದು ಹಳೆಯ ಕ್ರಿಕೆಟ್ ಸ್ಟಂಪನ್ನು ಗರಗಸದಲ್ಲಿ ಎರಡು ತುಂಡು ಮಾಡಿದೆ. ತುದಿಗೆ ಒಂದೊಂದು ಕೊಕ್ಕೆ ಸ್ಕ್ರೂ ತಿರುಗಿಸಿದೆ. ನಾಯಿ ಕಟ್ಟೋ ಚೈನಿನಿಂದ ಒಂದು ಗೇಣು ಕತ್ತರಿಸಿ ಸಿಕ್ಕಿಸಿದೆ. ನಾಯಿಗೆ ಹಗ್ಗವೇ ಗತಿಯಾಯಿತು. ನಾನು ಊರಿನ ಬ್ರೂಸ್ ಲೀ ಆದೆ.

ಆ ವೈಭವ ನಡೆದದ್ದು ನಾಲ್ಕೇ ದಿನ. ಐದನೇ ದಿನ ಹಿತ್ತಲಲ್ಲಿ ಗೆಳೆಯರ ಎದುರು ಬೀಸುತ್ತಿದ್ದಾಗ ಒಂದು ಕಡೆಯ ಸ್ಕ್ರೂ ಕಿತ್ತು ಬಂತು. ಕೋಲು ಹಾರಿತು. ಎದುರಿಗೆ ಕೂತಿದ್ದ ಗೆಳೆಯನ ಹುಬ್ಬಿಗೆ ಬಡಿಯಿತು. ರಕ್ತ ನೋಡಿ ನಾನು ಓಡಿಹೋಗಲಿಲ್ಲ ಅನ್ನುವುದಷ್ಟೇ ನನಗೆ ಸಮಾಧಾನ. ಮೂರು ಹೊಲಿಗೆ ಬಿತ್ತು. ಹೊಲಿಗೆ ಹಾಕಿದ ಡಾಕ್ಟರು ನನ್ನಪ್ಪನ ಕಡೆ ತಿರುಗಿ, "ಅರ್ಧ ಇಂಚು ಕೆಳಗೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು" ಎಂದರು. ಅಪ್ಪ ಹೊಡೆಯಲಿಲ್ಲ. ಆ ಚೈನನ್ನು ತಂದು ಮತ್ತೆ ನಾಯಿಗೆ ಕಟ್ಟಿದರು. ಆ ಗೆಳೆಯ ಈಗಲೂ ಸಿಕ್ಕಾಗ ಹುಬ್ಬು ಮುಟ್ಟಿಕೊಂಡು ನಗುತ್ತಾನೆ. ನಾನು ನಗಲು ಪ್ರಯತ್ನಿಸುತ್ತೇನೆ.

ಸರಿ, ಈಗ ಅಸಲಿ ಇತಿಹಾಸಕ್ಕೆ ಬರೋಣ.

ಜಪಾನಿನ ದಕ್ಷಿಣಕ್ಕೆ ಓಕಿನಾವಾ ಅಂತ ಒಂದು ದ್ವೀಪ. ಅದು ಮೊದಲು ಜಪಾನಿನದ್ದಾಗಿರಲಿಲ್ಲ. ರ್‍ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿತ್ತು. ಚೀನಾದ ಜತೆ ವ್ಯಾಪಾರ ಮಾಡಿಕೊಂಡು ನೆಮ್ಮದಿಯಾಗಿತ್ತು. 1609ರಲ್ಲಿ ಜಪಾನಿನ ಸತ್ಸುಮಾ ಪ್ರಾಂತ್ಯದವರು ದಂಡೆತ್ತಿ ಬಂದು ಅದನ್ನು ಅಧೀನ ಮಾಡಿಕೊಂಡರು. 1879ರಲ್ಲಿ ಜಪಾನ್ ಅದನ್ನು ಪೂರ್ತಿಯಾಗಿ ನುಂಗಿಹಾಕಿತು. ಜಗತ್ತಿಗೆ ಕರಾಟೆ ಕೊಟ್ಟದ್ದು ಇದೇ ದ್ವೀಪ.

ಕರಾಟೆ ಕ್ಲಾಸುಗಳಲ್ಲಿ ಒಂದು ಜನಪ್ರಿಯ ಕಥೆ ಹೇಳುತ್ತಾರೆ. ಗೆದ್ದವರು ಜನರ ಕತ್ತಿ, ಭರ್ಜಿ ಎಲ್ಲ ಕಿತ್ತುಕೊಂಡರು. ರೈತರು ಏನು ಮಾಡಬೇಕು? ತಮ್ಮ ಕೈಯಲ್ಲಿದ್ದ ಕೃಷಿ ಸಾಮಾನನ್ನೇ ಆಯುಧ ಮಾಡಿಕೊಂಡರು. ಭತ್ತ ಬಡಿಯುವ ಜೋಡಿಕೋಲು ನಂಚಾಕು ಆಯಿತು, ಬೀಸುವ ಕಲ್ಲಿನ ಹಿಡಿ ಟೊನ್ಫಾ ಆಯಿತು, ಕುಡುಗೋಲು ಕಾಮಾ ಆಯಿತು. ಕೇಳೋದಕ್ಕೆ ರೋಮಾಂಚನ ಆಗುತ್ತೆ, ಅಲ್ವಾ? ಬಡ ರೈತ, ಬಂದೂಕಿಲ್ಲ, ಕತ್ತಿಯಿಲ್ಲ, ಒಕ್ಕಣೆಯ ಕೋಲೇ ಆಯುಧ.

ಆದರೆ ಇತಿಹಾಸಕಾರರು ಈ ಕಥೆಯನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಅಲ್ಲಿ ಆಯುಧವಿದ್ಯೆ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ರೈತರಲ್ಲ, ರಾಜನ ಸೇವೆಯಲ್ಲಿದ್ದ ಪೆಚಿನ್ ಎಂಬ ಅಧಿಕಾರಿ ವರ್ಗದವರು ಎನ್ನುತ್ತಾರೆ. ನಂಚಾಕು ಹುಟ್ಟಿದ್ದು ಭತ್ತ ಬಡಿಯುವ ಕೋಲಿನಿಂದಲ್ಲ, ಕುದುರೆಯ ಬಾಯಿಗೆ ಹಾಕುವ ಮರದ ಕಡಿವಾಣದಿಂದ ಅನ್ನುವ ಇನ್ನೊಂದು ವಾದವೂ ಇದೆ. ಚೀನಾದಲ್ಲೂ ಹೀಗೆ ತುಂಡು ಕೋಲುಗಳನ್ನು ಸರಪಳಿಯಿಂದ ಜೋಡಿಸಿದ ಆಯುಧಗಳು ಮೊದಲೇ ಇದ್ದವು. ಯುರೋಪಿನಲ್ಲಿ ಕಥೆ ಇನ್ನೂ ಸ್ಪಷ್ಟ. 15ನೇ ಶತಮಾನದಲ್ಲಿ ಬೊಹೆಮಿಯಾದ ಹಸೈಟ್ ರೈತರು ಧಾನ್ಯ ಬಡಿಯುವ ಕೋಲಿಗೆ ಕಬ್ಬಿಣದ ಮೊಳೆ ಬಡಿದು, ಕುದುರೆ ಏರಿ ಬಂದ ಕವಚಧಾರಿಗಳನ್ನು ಎದುರಿಸಿದ್ದರು.

ನಮ್ಮಲ್ಲಿ ಒಕ್ಕಣೆ ಅಂದರೆ ಕಣ, ಎತ್ತು, ರೋಣಗಲ್ಲು. ಹಾಗಾಗಿ ಹಗ್ಗ ಕಟ್ಟಿದ ಜೋಡಿಕೋಲು ನಮ್ಮ ರೈತನ ಕೈಗೆ ಬರಲಿಲ್ಲ. ಅವನ ಕೈಯಲ್ಲಿದ್ದದ್ದು ಒಂಟಿ ದೊಣ್ಣೆ. ಅದರಿಂದಲೇ ನಮ್ಮ ಗರಡಿಗಳಲ್ಲಿ ದೊಣ್ಣೆವರಸೆ ಬೆಳೆಯಿತು. ಯಾವ ದೇಶವೇ ಆಗಲಿ, ಮನೆಯಲ್ಲಿ, ಹೊಲದಲ್ಲಿ ಏನು ಸಿಗುತ್ತೋ ಅದೇ ಆಯುಧ. ಅಂದರೆ 'ಹೋಮ್‌ಮೇಡ್' ಅನ್ನುವುದು ಹೊಸ ಚಾಳಿಯೇನಲ್ಲ.

ಇನ್ನೊಂದು ಗಮನಿಸಬೇಕಾದ ಅಂಶ. ಓಕಿನಾವಾದ ಹಳೆಯ ನಂಚಾಕುವಿಗೆ ಇದ್ದದ್ದು ಸರಪಳಿಯಲ್ಲ, ಹಗ್ಗ. ಸರಪಳಿಯನ್ನೇ ನೆಚ್ಚಿಕೊಂಡ ಆಯುಧ ಜಪಾನಿನಲ್ಲಿ ಬೇರೆಯೇ ಇತ್ತು. ಅದರ ಹೆಸರು ಮಾನ್‌ರಿಕಿಗುಸಾರಿ, ಎರಡೂ ತುದಿಗೆ ತೂಕದ ಗುಂಡು ಇರುವ ಗಿಡ್ಡ ಸರಪಳಿ. ಹತ್ತು ಸಾವಿರ ಜನರ ಬಲದ ಸರಪಳಿ ಅಂತ ಆ ಹೆಸರಿನ ಅರ್ಥ. 18ನೇ ಶತಮಾನದಲ್ಲಿ ಮಸಾಕಿ ತೊಷಿಮಿತ್ಸು ಎಂಬ ಸಮುರಾಯ್ ಎಡೊ ಕೋಟೆಯ ಬಾಗಿಲು ಕಾಯುತ್ತಿದ್ದನಂತೆ. ಕೋಟೆಯ ಪವಿತ್ರ ಬಾಗಿಲಲ್ಲಿ ಕತ್ತಿ ಎಳೆದು ರಕ್ತ ಚೆಲ್ಲಬಾರದು, ಆದರೆ ನುಗ್ಗುವವನನ್ನು ತಡೆಯಲೇಬೇಕು. ಅದಕ್ಕಾಗಿ ಆತ ಈ ಸರಪಳಿಯ ವಿದ್ಯೆ ಕಟ್ಟಿದ ಅಂತ ಆ ಪರಂಪರೆಯವರು ಹೇಳುತ್ತಾರೆ. ಅಂದರೆ ನಾವು ಇವತ್ತು ಯಾವ ಸರಪಳಿಯನ್ನು ಕಂಡರೆ ಬೆಚ್ಚಿಬೀಳುತ್ತೇವೋ, ಅದರ ಮೂಲಕಥೆ ರಕ್ತ ಹರಿಸಬಾರದು ಅನ್ನುವುದು! ಈ ಮಾನ್‌ರಿಕಿಯ ಹೆಸರು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಓಕಿನಾವಾ ಅಮೆರಿಕದ ಆಡಳಿತಕ್ಕೆ ಬಂತು. 1972ರವರೆಗೂ ಅದು ಅಮೆರಿಕದ ಕೈಯಲ್ಲೇ ಇತ್ತು. ಅಲ್ಲಿನ ಸೇನಾ ನೆಲೆಗಳಲ್ಲಿದ್ದ ಸೈನಿಕರು ಕರಾಟೆ ಕಲಿತರು, ಕೆಲವರು ನಂಚಾಕು ಬೀಸುವುದನ್ನೂ ಕಲಿತರು, ಊರಿಗೆ ಮರಳಿ ಶಾಲೆ ತೆರೆದರು. ಅದೇ ಸಮಯದಲ್ಲಿ ತೈರಾ ಶಿಂಕೆನ್ ಎಂಬ ಓಕಿನಾವಾದ ಗುರು ಮರೆತುಹೋಗುತ್ತಿದ್ದ ಹಳೆಯ ಆಯುಧವಿದ್ಯೆಗಳನ್ನೆಲ್ಲ ಒಂದೊಂದಾಗಿ ಕೂಡಿಹಾಕುತ್ತಿದ್ದರು. ಇಷ್ಟೆಲ್ಲ ಆದರೂ ನಂಚಾಕು ಗೊತ್ತಿದ್ದದ್ದು ಬೆರಳೆಣಿಕೆಯ ಜನಕ್ಕೆ.

ಅದನ್ನು ಇಡೀ ಜಗತ್ತಿಗೆ ಪರಿಚಯಿಸಿದ್ದು ಒಬ್ಬನೇ ಒಬ್ಬ ಮನುಷ್ಯ. ಬ್ರೂಸ್ ಲೀ.

1972ರಲ್ಲಿ 'ಫಿಸ್ಟ್ ಆಫ್ ಫ್ಯೂರಿ', ಅದೇ ವರ್ಷ 'ವೇ ಆಫ್ ದಿ ಡ್ರ್ಯಾಗನ್', 1973ರಲ್ಲಿ 'ಎಂಟರ್ ದಿ ಡ್ರ್ಯಾಗನ್'. ಆ ಕೊನೆಯ ಚಿತ್ರ ತೆರೆಗೆ ಬರುವ ಮೊದಲೇ, 1973ರ ಜುಲೈ 20ರಂದು, ಬ್ರೂಸ್ ಲೀ ಹಾಂಗ್‌ಕಾಂಗಿನಲ್ಲಿ ತೀರಿಕೊಂಡ. ವಯಸ್ಸು ಬರೀ 32. ಆದರೆ ಆ ಎರಡು ಕೋಲು, ಒಂದು ಸರಪಳಿ ಅಷ್ಟರಲ್ಲಿ ಅಮರವಾಗಿದ್ದವು. ಜಗತ್ತಿನಾದ್ಯಂತ ಹುಡುಗರು ಪೊರಕೆ ಹಿಡಿ, ಪೈಪು, ಸ್ಟಂಪು ಏನು ಸಿಕ್ಕಿದರೂ ಕತ್ತರಿಸಿ ಜೋಡಿಸತೊಡಗಿದರು. ನಮ್ಮೂರಿನ ನಾಯಿಗೆ ಚೈನು ತಪ್ಪಿಹೋಗಿದ್ದು ಇದರಿಂದಲೇ.

ತಮಾಷೆ ಏನು ಗೊತ್ತಾ? ಅದರ ಅಪಾಯವನ್ನು ಬ್ರೂಸ್ ಲೀಯೇ ಸಿನಿಮಾದಲ್ಲಿ ತೋರಿಸಿದ್ದಾನೆ. 'ವೇ ಆಫ್ ದಿ ಡ್ರ್ಯಾಗನ್' ಇನ್ನೊಂದು ಸಲ ನೋಡಿ. ರೋಮಿನ ಹೋಟೆಲೊಂದರ ಹಿಂದೆ ನಡೆಯುವ ಹೊಡೆದಾಟದಲ್ಲಿ ಒಬ್ಬ ಪುಂಡ ನೆಲಕ್ಕೆ ಬಿದ್ದ ನಂಚಾಕು ಎತ್ತಿಕೊಂಡು ತಾನೂ ಬೀಸಲು ಹೋಗಿ ತನ್ನ ತಲೆಗೇ ಹೊಡೆದುಕೊಂಡು ಬೀಳುತ್ತಾನೆ. ಥಿಯೇಟರಿನಲ್ಲಿ ಎಲ್ಲರೂ ನಗುತ್ತಾರೆ. ಮನೆಗೆ ಬಂದು ಅದೇ ತಪ್ಪು ಮಾಡುತ್ತಾರೆ.

ಹುಚ್ಚು ಹಬ್ಬಿದ ಬೆನ್ನಿಗೇ ಭಯವೂ ಹಬ್ಬಿತು. 1974ರಲ್ಲಿ ನ್ಯೂಯಾರ್ಕ್ ರಾಜ್ಯ ನಂಚಾಕು ನಿಷೇಧಿಸಿತು. ಬೀದಿಯಲ್ಲಿ ಹಿಡಿದು ಓಡಾಡಬಾರದು ಅಂತಷ್ಟೇ ಅಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ ಇಟ್ಟುಕೊಂಡರೂ ಅಪರಾಧ! ಕುಂಗ್‌ಫು ಸಿನಿಮಾ ನೋಡಿದ ಪುಂಡರು ಬೀದಿಯಲ್ಲಿ ಜನರ ತಲೆ ಒಡೆಯುತ್ತಾರೆ ಅನ್ನುವುದು ಆಗಿನ ಆತಂಕ. ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್, ಅರಿಝೋನಾ ಕೂಡ ಕಾನೂನು ಮಾಡಿದವು. ಕೆನಡಾ ದೇಶವೇ ನಿಷೇಧಿಸಿತು. ಯೋಚನೆ ಮಾಡಿ. ಅದೇ ಅಮೆರಿಕದಲ್ಲಿ ಮನೆಯಲ್ಲಿ ಬಂದೂಕು ಇಟ್ಟುಕೊಳ್ಳುವುದು ಸಾಮಾನ್ಯ. ಆದರೆ ಎರಡು ಕೋಲು, ಒಂದು ಹಗ್ಗ ಇಟ್ಟುಕೊಂಡರೆ ಜೈಲು.

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ಸೆನ್ಸಾರ್ ಮಂಡಳಿಯ ಮುಖ್ಯಸ್ಥ ಜೇಮ್ಸ್ ಫರ್ಮನ್. 1975ರಿಂದ 1999ರವರೆಗೆ ಆ ಕುರ್ಚಿಯಲ್ಲಿ ಕೂತಿದ್ದವರು. ನಂಚಾಕು ಪರದೆಯ ಮೇಲೆ ಕಂಡರೆ ಸಾಕು, ಕತ್ತರಿ. ಹುಡುಗರು ನೋಡಿ ಅನುಕರಿಸುತ್ತಾರೆ ಅನ್ನುವುದು ಅವರ ಚಿಂತೆ. 'ಎಂಟರ್ ದಿ ಡ್ರ್ಯಾಗನ್'ನ ಪ್ರಸಿದ್ಧ ದೃಶ್ಯಕ್ಕೇ ಕತ್ತರಿ ಬಿತ್ತು. ಮಕ್ಕಳ ಕಾರ್ಟೂನ್ 'ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್' ಬಂದಾಗ 'ನಿಂಜಾ' ಅನ್ನುವ ಪದವೇ ಬೇಡ ಅಂತ ಅಲ್ಲಿ ಅದನ್ನು 'ಹೀರೋ ಟರ್ಟಲ್ಸ್' ಮಾಡಿದರು. ಕಾಮಿಡಿ ಇರುವುದು ಮುಂದೆ. 1991ರಲ್ಲಿ ಬಂದ ಅದೇ ಟರ್ಟಲ್ಸ್ ಸಿನಿಮಾದ ಎರಡನೇ ಭಾಗದಲ್ಲಿ ಮೈಕೆಲ್ಯಾಂಜೆಲೊ ಎಂಬ ಆಮೆ ಒಂದಕ್ಕೊಂದು ಅಂಟಿಕೊಂಡ ಸಾಸೇಜುಗಳನ್ನು, ಅಂದರೆ ತಿನ್ನುವ ಮಾಂಸದ ತುಂಡುಗಳನ್ನು, ನಂಚಾಕು ಥರ ತಿರುಗಿಸುತ್ತೆ. ಅದಕ್ಕೂ ಕತ್ತರಿ! ತಿನ್ನುವ ಸಾಸೇಜಿಗೂ ಒಂದು ಸೆನ್ಸಾರ್ ಮಂಡಳಿ ಹೆದರಿತು. ಫರ್ಮನ್ ನಿವೃತ್ತರಾದ ಮೇಲೆಯೇ, 2001ರಲ್ಲಿ, ಬ್ರಿಟನ್ನಿನ ಜನ 'ಎಂಟರ್ ದಿ ಡ್ರ್ಯಾಗನ್' ಅನ್ನು ನಂಚಾಕು ಸಮೇತ ನೋಡಿದ್ದು.

ಈಗ ಮಾನ್‌ರಿಕಿ ನೆನಪು ಮಾಡಿಕೊಳ್ಳಿ. 1988ರಲ್ಲಿ ಬ್ರಿಟನ್ ಆಕ್ರಮಣಕಾರಿ ಆಯುಧಗಳ ಒಂದು ಪಟ್ಟಿ ಮಾಡಿ, ಅವುಗಳ ತಯಾರಿಕೆ, ಮಾರಾಟ ನಿಷೇಧಿಸಿತು. ಆ ಪಟ್ಟಿಯಲ್ಲಿ ಮಾನ್‌ರಿಕಿಗುಸಾರಿ ಇದೆ, ತುದಿಗೆ ತೂಕ ಕಟ್ಟಿದ ಕುಸಾರಿ ಸರಪಳಿ ಇದೆ, ಸರಪಳಿ ಕಟ್ಟಿದ ಕುಡುಗೋಲು ಇದೆ. ಸಿನಿಮಾದಲ್ಲಿ ಅಷ್ಟೆಲ್ಲ ಕತ್ತರಿಸಿಕೊಂಡ ನಂಚಾಕುವಿನ ಹೆಸರು ಮಾತ್ರ ಇಲ್ಲ! ರಕ್ತ ಚೆಲ್ಲಬಾರದು ಅಂತ ಹುಟ್ಟಿತು ಎನ್ನುವ ಸರಪಳಿ ನಿಷೇಧದ ಪಟ್ಟಿಗೆ ಸೇರಿತು. 2021ರ ಜುಲೈಯಿಂದ ಆ ಪಟ್ಟಿಯ ಆಯುಧಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಲ್ಲಿ ಅಪರಾಧ.

ಅಮೆರಿಕದ ಪೊಲೀಸರದ್ದು ಇನ್ನೊಂದು ಬಗೆ. ಜನ ಇಟ್ಟುಕೊಂಡರೆ ಅಪರಾಧವಾಗಿದ್ದ ಕ್ಯಾಲಿಫೋರ್ನಿಯಾದಲ್ಲೇ ಪೊಲೀಸರು ನಂಚಾಕು ಹಿಡಿದರು. 1989ರಲ್ಲಿ ಸ್ಯಾನ್ ಡಿಯಾಗೊ ಪೊಲೀಸರು ಧರಣಿ ಕೂತವರನ್ನು ಎಬ್ಬಿಸಲು ಅದನ್ನು ಅವರ ಮಣಿಕಟ್ಟಿಗೆ ಸಿಕ್ಕಿಸಿ ಬಿಗಿದರು. ಒಬ್ಬರ ಮಣಿಕಟ್ಟು ಮುರಿಯಿತು. ಕೇಸು ಕೋರ್ಟಿಗೆ ಹೋಯಿತು, ಪೊಲೀಸರು ಗೆದ್ದರು. 2015ರಲ್ಲಿ ಅದೇ ರಾಜ್ಯದ ಆಂಡರ್ಸನ್ ಎಂಬ ಸಣ್ಣ ಊರಿನ ಪೊಲೀಸರು ಮತ್ತೆ ನಂಚಾಕು ಹಿಡಿದು ಸುದ್ದಿಯಾದರು. ಲಾಠಿಗಿಂತ ಇದು ಮೃದು ಅನ್ನುವುದು ಅವರ ಸಮರ್ಥನೆ. ವಸ್ತು ಒಂದೇ. ಖಾಕಿ ಹಾಕಿದವರ ಕೈಯಲ್ಲಿ ಅದು ಮೃದು, ಹುಡುಗರ ಕೈಯಲ್ಲಿ ಮಾರಕ.

ಇದನ್ನು ಪ್ರಶ್ನೆ ಮಾಡಿದವನು ಜೇಮ್ಸ್ ಮಲೋನಿ. ನ್ಯೂಯಾರ್ಕಿನ ವಕೀಲ, ಪ್ರಾಧ್ಯಾಪಕ, ವರ್ಷಗಟ್ಟಲೆ ನಂಚಾಕು ಅಭ್ಯಾಸ ಮಾಡಿದವನು. 2000ನೇ ಇಸವಿಯಲ್ಲಿ ಅವನ ಮನೆಯಲ್ಲಿ ನಂಚಾಕು ಸಿಕ್ಕಿತು ಅಂತ ಕೇಸು ಬಿತ್ತು. ಯಾರಿಗೋ ಹೊಡೆದದ್ದಕ್ಕಲ್ಲ, ಮನೆಯಲ್ಲಿ ಇಟ್ಟುಕೊಂಡಿದ್ದಕ್ಕೆ. 2003ರಲ್ಲಿ ಆ ಕಾನೂನನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದ. 2009ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತ. ಆ ಪೀಠದಲ್ಲಿದ್ದ ಸೋನಿಯಾ ಸೊಟೊಮೇಯರ್ ಅದೇ ವರ್ಷ ಸುಪ್ರೀಂ ಕೋರ್ಟಿಗೆ ನೇಮಕವಾದಾಗ, ಸೆನೆಟ್ ವಿಚಾರಣೆಯಲ್ಲಿ ಈ ಎರಡು ಕೋಲಿನ ಕೇಸಿನ ಪ್ರಸ್ತಾಪವೂ ಬಂತು. ಮಲೋನಿ ಬಿಡಲಿಲ್ಲ. ಕೊನೆಗೆ 2018ರ ಡಿಸೆಂಬರ್ 14ರಂದು ಫೆಡರಲ್ ನ್ಯಾಯಾಧೀಶೆ ಪಮೇಲಾ ಚೆನ್ ಆ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಕಾನೂನು ಬಂದು 44 ವರ್ಷವಾಗಿತ್ತು, ಮಲೋನಿ ಕೋರ್ಟು ಹತ್ತಿ 15 ವರ್ಷವಾಗಿತ್ತು. ಮರುವರ್ಷ ಅರಿಝೋನಾ ತಾನಾಗಿಯೇ ನಿಷೇಧ ತೆಗೆಯಿತು.

ಇಷ್ಟೂ ಕಥೆಯಲ್ಲಿ ನನ್ನ ಕಣ್ಣಿಗೆ ಹೊಡೆದದ್ದು ಒಂದೇ. ಹುಚ್ಚು ಹಿಡಿಸಿದ್ದೂ ಪರದೆ, ಹೆದರಿಸಿದ್ದೂ ಪರದೆ. ಕಾನೂನು ಮಾಡಿದ ಬಹಳಷ್ಟು ಜನ ನಂಚಾಕುವನ್ನು ಕೈಯಲ್ಲಿ ಹಿಡಿದೇ ಇರಲಿಲ್ಲ. ಸಿನಿಮಾದಲ್ಲಿ ನೋಡಿದ್ದರು ಅಷ್ಟೆ. ಆ ರಾತ್ರಿ ನಾನು ಮಾಡಿದ್ದೂ ಅದನ್ನೇ.

ಹಾಗಾದರೆ ನಮ್ಮ ದೇಶದ ಕಾನೂನು ಏನು ಹೇಳುತ್ತೆ?

ನಮ್ಮ ಆಯುಧ ಕಾನೂನಿನ ಬೇರು ಇರುವುದು 1878ರಲ್ಲಿ. ವೈಸ್‌ರಾಯ್ ಲಿಟ್ಟನ್ ಕಾಲ. 1857ರ ದಂಗೆ ಕಂಡು ಬೆದರಿದ್ದ ಬ್ರಿಟಿಷರು, ಭಾರತೀಯನ ಕೈಯಲ್ಲಿ ಆಯುಧ ಇರಬೇಕಾದರೆ ಲೈಸೆನ್ಸ್ ಬೇಕು ಅಂದರು. ಯುರೋಪಿಯನ್ನರಿಗೆ ವಿನಾಯಿತಿ! ನಮ್ಮ ಕೊಡಗಿನವರಿಗೂ ವಿನಾಯಿತಿ ಕೊಟ್ಟರು, ಅದು ಇವತ್ತಿಗೂ ಇದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದು, ಕೈಲ್ ಮುಹೂರ್ತದ ದಿನ ಹೂವಿಟ್ಟು ಪೂಜೆ ಮಾಡುತ್ತಾರೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಆ ವಿನಾಯಿತಿಯನ್ನು ಎತ್ತಿಹಿಡಿಯಿತು. ಅರ್ಥ ಏನು? ಆಯುಧದ ಕಾನೂನು ಯಾವತ್ತೂ ಬರೀ ಕಬ್ಬಿಣದ ಲೆಕ್ಕ ಅಲ್ಲ. ಆಳುವವರು ಯಾರನ್ನು ನಂಬುತ್ತಾರೆ, ಯಾರನ್ನು ನಂಬುವುದಿಲ್ಲ ಅನ್ನುವ ಲೆಕ್ಕ.

ಸ್ವತಂತ್ರ ಭಾರತದ್ದು 1959ರ ಆಯುಧ ಕಾಯ್ದೆ. ಹೊಡೆಯಲು ಅಥವಾ ರಕ್ಷಣೆಗೆ ಅಂತ ತಯಾರಿಸಿದ, ಇಲ್ಲವೇ ಮಾರ್ಪಡಿಸಿದ ಯಾವುದೇ ವಸ್ತು ಆಯುಧ ಅನ್ನುತ್ತೆ ಅದು. ಆದರೆ ಮನೆಬಳಕೆಗೆ, ಬೇಸಾಯಕ್ಕೆ ಮಾತ್ರ ಮಾಡಿದ ವಸ್ತುವನ್ನು ಹೊರಗಿಟ್ಟಿದೆ. ಉದಾಹರಣೆಗೆ ಲಾಠಿ, ಊರುಗೋಲು ಅಂತ ಹೆಸರಿಟ್ಟೇ ಹೇಳುತ್ತೆ. ನಿಯಮಗಳ ಪಟ್ಟಿಯಲ್ಲಿ ಕತ್ತಿ, ಬಾಕು, ಭರ್ಜಿ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕು, ಸ್ಟೀಲ್ ಬ್ಯಾಟನ್ ಇವೆಲ್ಲ ಇವೆ. ನಂಚಾಕು ಅನ್ನುವ ಹೆಸರಿಲ್ಲ.

ಹೆಸರಿಲ್ಲ ಅಂದ ಮಾತ್ರಕ್ಕೆ ಕೊರಳಿಗೆ ಹಾಕಿಕೊಂಡು ಪೇಟೆ ಸುತ್ತಬಹುದು ಅಂದುಕೊಳ್ಳಬೇಡಿ. "ಮಾರ್ಪಡಿಸಿದ" ಅನ್ನುವ ಆ ಒಂದು ಪದವನ್ನು ಗಮನಿಸಿ. ಸೈಕಲ್ಲಿನಲ್ಲಿ ಇರುವಾಗ ಚೈನು ಬರೀ ಚೈನು. ಕಿತ್ತು ಕೈಗೆ ಸುತ್ತಿಕೊಂಡರೆ? 1989ರ ತೆಲುಗಿನ 'ಶಿವ' ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಾಗಾರ್ಜುನ ನಿಂತಲ್ಲೇ ಸೈಕಲ್ ಚೈನು ಕಿತ್ತ ಆ ಒಂದು ದೃಶ್ಯದ ನಂತರ ನಮ್ಮ ಕಾಲೇಜುಗಳಲ್ಲೂ ಎಷ್ಟು ಜನರ ಬ್ಯಾಗಿನಲ್ಲಿ ಚೈನು ಬಂತು ಅನ್ನುವುದು ಆ ಕಾಲದಲ್ಲಿ ಓದಿದವರಿಗೆ ಗೊತ್ತು. ಒಬ್ಬರಿಗೆ ಅದರಿಂದ ಹೊಡೆದರೆ ಭಾರತೀಯ ನ್ಯಾಯ ಸಂಹಿತೆಯ 118ನೇ ಸೆಕ್ಷನ್ ಬೀಳಬಹುದು, ಮೂರು ವರ್ಷದವರೆಗೆ ಜೈಲು. ಪೆಟ್ಟು ತೀವ್ರವಾಗಿದ್ದರೆ ಶಿಕ್ಷೆ ಇನ್ನೂ ದೊಡ್ಡದು. ಊರಲ್ಲಿ ಗಲಾಟೆ ಆಗಿ ನಿಷೇಧಾಜ್ಞೆ ಜಾರಿಯಲ್ಲಿದ್ದರೆ, ನಾವು ಹಳೇ ಅಭ್ಯಾಸಕ್ಕೆ 144 ಅನ್ನುತ್ತೇವಲ್ಲ, ಈಗ ಅದು ಹೊಸ ಸಂಹಿತೆಯ 163, ಆಗ ದೊಣ್ಣೆ ಹಿಡಿದು ಓಡಾಡುವುದಕ್ಕೂ ತಡೆ ಹಾಕಬಹುದು. ರಾತ್ರಿ ಹೊತ್ತು, ಅಪರಿಚಿತ ಜಾಗ, ಬ್ಯಾಗಿನಲ್ಲಿ ಕಬ್ಬಿಣದ ಪೈಪು ಮತ್ತು ಚೈನು ಇದ್ದರೆ ಪೊಲೀಸರು ಕೇಳಿಯೇ ಕೇಳುತ್ತಾರೆ. ಕೇಳುವುದು ಅವರ ಕೆಲಸ. ಆ ಪೊಲೀಸರನ್ನು ನಾನು ದೂರುವುದಿಲ್ಲ. ವಿಚಾರಿಸಿದರು, ಬಿಟ್ಟರು. ವಿಚಾರಿಸದೆ ತೀರ್ಪು ಕೊಟ್ಟವನು ನಾನು.

ಈಗ ಆ ಹುಡುಗನಿಗೂ, ಅವನ ಥರದ ಎಲ್ಲ ಹುಡುಗರಿಗೂ ನಾಲ್ಕು ಮಾತು ಹೇಳಬೇಕು. ಹುಬ್ಬಿನ ಮೂರು ಹೊಲಿಗೆ ಕಲಿಸಿದ ಮಾತು ಇವು.

ಸರಪಳಿಯ ತುದಿಯಲ್ಲಿ ಇರುವ ಕೋಲು ನಿಮ್ಮ ಕೈಗಿಂತ ಹೆಚ್ಚು ವೇಗವಾಗಿ ಓಡುತ್ತೆ. ವೇಗ ಎರಡರಷ್ಟಾದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು, ಇದು ಹೈಸ್ಕೂಲು ವಿಜ್ಞಾನ. ದೊಣ್ಣೆ ನೀವು ನಿಲ್ಲಿಸಿದಲ್ಲಿ ನಿಲ್ಲುತ್ತೆ, ನಂಚಾಕು ನಿಲ್ಲಲ್ಲ. ಏನಾದರೂ ಗಟ್ಟಿ ವಸ್ತುವಿಗೆ ಬಡಿದರೆ ಹಾಗೇ ವಾಪಸ್ಸು ನಿಮ್ಮ ಕಡೆಗೇ ಬರುತ್ತೆ. ಮೊಣಕೈ, ಮೊಣಕಾಲು, ಹಲ್ಲು, ಕಣ್ಣು, ಅದಕ್ಕೆ ಎಲ್ಲ ಒಂದೇ.

ಮನೆಯಲ್ಲಿ ಮಾಡಿದ್ದರ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ಅದು ಕೈಕೊಡುವುದೇ ಜೋಡಣೆಯಲ್ಲಿ. ಕೋಲಿನ ತುದಿಯಲ್ಲಿ ಮರದ ನಾರಿನ ಉದ್ದಕ್ಕೆ ಸ್ಕ್ರೂ ಹಾಕಿದರೆ ಹಿಡಿತ ತೀರಾ ಕಮ್ಮಿ. ನಾಲ್ಕು ಸಲ ಬೀಸಿದರೆ ಸಡಿಲ, ಹತ್ತು ಸಲಕ್ಕೆ ಮರ ಸೀಳು ಬಿಡುತ್ತೆ. ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ, ನಾನು ಕೇಳಲಿಲ್ಲ. ನಾಯಿ ಚೈನಿನ ಕೊಂಡಿಗಳು ಬಾಗಿಸಿದ ತಂತಿ ಅಷ್ಟೆ, ಬೆಸುಗೆ ಹಾಕಿರುವುದಿಲ್ಲ, ಎಳೆತಕ್ಕೆ ಬಾಯಿ ಬಿಡುತ್ತವೆ. ಸೈಕಲ್ ಚೈನು ಒಂದೇ ದಿಕ್ಕಿಗೆ ಮಡಚುತ್ತೆ, ನಂಚಾಕು ಎಲ್ಲ ದಿಕ್ಕಿಗೂ ತಿರುಗಬೇಕು. ಹಾಗಾಗಿ ಕೋಲು ಎಲ್ಲಿಗೆ ಬರುತ್ತೆ ಅಂತ ನಿಮಗೇ ಗೊತ್ತಾಗುವುದಿಲ್ಲ. ಹಗ್ಗದ್ದಾದರೆ ತೂತಿನ ಅಂಚಿನಲ್ಲಿ ಒಳಗೊಳಗೇ ಸವೆಯುತ್ತೆ. ಅದಕ್ಕೇ ತಿಳಿದವರು ಪ್ರತಿ ಸಲ ಕೈಗೆತ್ತಿಕೊಳ್ಳುವ ಮೊದಲು ಹಗ್ಗವನ್ನು ಎಳೆದು ನೋಡುತ್ತಾರೆ.

ಕಲಿಯಲೇಬೇಕಾ? ಖಂಡಿತ ಕಲಿಯಿರಿ, ಚೆಂದದ ವಿದ್ಯೆ ಅದು. ಆದರೆ ಗುರು ಹತ್ತಿರ ಕಲಿಯಿರಿ. ಸ್ಪಂಜು ಸುತ್ತಿದ ಅಭ್ಯಾಸದ ನಂಚಾಕು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತೆ, ಅದರಿಂದ ಶುರು ಮಾಡಿ. ಹಗ್ಗದ್ದು ಸಾಕು, ಕಬ್ಬಿಣದ ಪೈಪು ಬೇಡವೇ ಬೇಡ. ಸುತ್ತ ಯಾರೂ ಇರಬಾರದು, ಅದರಲ್ಲೂ ಎದುರಿಗೆ ಕೂತು ಚಪ್ಪಾಳೆ ಹೊಡೆಯುವ ಗೆಳೆಯ ಇರಲೇಬಾರದು. ಕಣ್ಣಿಗೆ, ತಲೆಗೆ ರಕ್ಷಣೆ ಇರಲಿ. ಕ್ಲಾಸಿಗೆ ಒಯ್ಯುವಾಗ ಸಮವಸ್ತ್ರದ ಜತೆ ಬ್ಯಾಗಿನೊಳಗೇ ಇರಲಿ, ಕ್ಲಾಸಿನ ಗುರುತಿನ ಚೀಟಿ ಜೇಬಿನಲ್ಲಿರಲಿ. ದಾರಿಯಲ್ಲಿ ಹೊರತೆಗೆದು ತಿರುಗಿಸಬೇಡಿ. ಪೊಲೀಸರು ತಡೆದರೆ ವಾದ ಮಾಡಬೇಡಿ, ಕೇಳಿದ್ದಕ್ಕೆ ನಿಜ ಹೇಳಿ.

ಆ ತಂದೆಗೂ ಇದನ್ನೇ ಹೇಳಿದೆ. "ನಿಮ್ಮ ಮಗ ರೌಡಿ ಅಲ್ಲ, ಒಪ್ಪಿದೆ. ಆದ್ರೆ ಅವನು ಮಾಡ್ಕೊಂಡಿದ್ದ ಆ ವಸ್ತು ಮೊದಲು ಒಡೀತಾ ಇದ್ದದ್ದು ಅವನ ತಲೇನೇ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜ ಸಾರ್, ಆಗ್ಲೇ ಮೂರು ಸಲ ಒಡ್ಕೊಂಡಿದ್ದಾನೆ" ಎಂದರು. ಇಬ್ಬರಿಗೂ ನಗು ಬಂತು. ಆ ನಗು ನನ್ನ ತಪ್ಪನ್ನು ಒರೆಸಲಿಲ್ಲ.

ಅವತ್ತೇ ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ನಲವತ್ತು ಸೆಕೆಂಡ್ ಪಡೆದುಕೊಂಡೆ. ಆ ದಿನ ತೋರಿಸಿದ ವಸ್ತುಗಳಲ್ಲಿ ಒಂದು ಕರಾಟೆ ವಿದ್ಯಾರ್ಥಿಯದ್ದು, ಅವನಿಗೂ ಆ ಗುಂಪಿಗೂ ಸಂಬಂಧವಿಲ್ಲ, ಅದನ್ನು ಮಾರಕಾಸ್ತ್ರ ಅಂದದ್ದು ನನ್ನ ತಪ್ಪು ಅಂತ ಹೇಳಿದೆ. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ರಾತ್ರಿಯಿಡೀ ಓಡಿದ ಸುಳ್ಳಿಗೆ ನಲವತ್ತು ಸೆಕೆಂಡಿನ ನಿಜ. ಸಾಲದು ಅಂತ ನನಗೂ ಗೊತ್ತು.

ಆಯುಧಪೂಜೆ ದಿನ ನಮ್ಮ ಮನೆಗಳಲ್ಲಿ ಮಚ್ಚು, ಸ್ಪ್ಯಾನರ್, ಹೊಲಿಗೆ ಮಿಷನ್ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಆಫೀಸಿನಲ್ಲಿ ಕ್ಯಾಮೆರಾಕ್ಕೆ, ಮೈಕಿಗೆ ಇಡುತ್ತೇವೆ. ಈ ಸಲ ಮೈಕಿಗೆ ಕುಂಕುಮ ಇಡುವಾಗ ಆ ಹುಡುಗ ನೆನಪಾದ. ಅವನ ಕೈಯಲ್ಲಿದ್ದ ಸರಪಳಿಯಿಂದ ಯಾರಿಗೂ ಪೆಟ್ಟಾಗಿರಲಿಲ್ಲ. ನನ್ನ ಕೈಯಲ್ಲಿದ್ದ ಮೈಕಿನಿಂದ ಅವನಿಗೆ ಪೆಟ್ಟಾಗಿತ್ತು.